ಮುಳ್ಳಿನ ಮೇಲೆ ಕಣ್ಣು

ಸಂಗೀತ ಕಚೇರಿಗೆ ಬಂದವರೆಲ್ಲರೂ ಸಂಗೀತವನ್ನು ಕೇಳುವುದಕ್ಕೇ ಬಂದಿರುತ್ತಾರೆಂದು ನಂಬುವಷ್ಟು ಮುಗ್ಧರು ವಾಚಕರಲ್ಲಿ ಯಾರೂ ಇರಲಾರರು. ಮಳೆಯಿಂದ ತಪ್ಪಿಸಿಕೊಳ್ಳಲು ಒಳಕ್ಕೆ ನುಗ್ಗಿದವರುಂಟು; ಹೊಸ ಸೀರೆಗೆ ಸಾಕ್ಷಿಗಳನ್ನು ಹುಡುಕಿಕೊಂಡು ಬಂದವರುಂಟು; ಸಭಾಂಗಣದ ಹಿಂದಿನ ಕ್ಯಾಂಟೀನಿನ ರವೆ ಇಡ್ಲಿಯಲ್ಲಿ ಅಚಲವಾದ ಭಕ್ತಿಯನ್ನಿಟ್ಟವರುಂಟು. ಆದರೂ ಇವರೆಲ್ಲರ ಕಿವಿಗೂ ಅಷ್ಟೋ ಇಷ್ಟೋ ಸಂಗೀತ ಬಿದ್ದೇ ಬೀಳುತ್ತದೆ. ವರ್ಣದಿಂದ ಮಂಗಳದವರೆಗೆ ಒಂದೇ ಕಡೆ ಕುಳಿತು, ಒಂದು ಸ್ವರವನ್ನೂ ತಪ್ಪಿಸಿಕೊಳ್ಳದೆ, ಕೊನೆಗೆ ಸಂಗೀತವನ್ನೇ ಕೇಳದೆ ಎದ್ದು ಹೋಗುವ ಮನುಷ್ಯನೊಬ್ಬನುಂಟು. ಅವನು ಆ ಕಚೇರಿಯನ್ನು ಧ್ವನಿಮುದ್ರಣ ಮಾಡಲು ಬಂದವನು.

ರಾಯರು ಈ ಪಂಗಡಕ್ಕೆ ಸೇರಿದವರು. ಅವರ ಪೂರ್ಣ ಹೆಸರು ಇಲ್ಲಿ ಅನಾವಶ್ಯಕ; ಊರಿನ ಸಂಗೀತಾಭಿಮಾನಿಗಳಿಗೆಲ್ಲ ಅವರು ಬರಿಯ ರಾಯರು, ಬೆನ್ನ ಹಿಂದೆ 'ಟೇಪು ರಾಯರು'. ಮೂವತ್ತೈದು ವರ್ಷಗಳ ಕಾಲ ಹಗಲೆಲ್ಲ ಒಂದು ಕಚೇರಿ, ಸಂಜೆಯೆಲ್ಲ ಇನ್ನೊಂದು ಕಚೇರಿ. ಮೊದಲನೆಯದು ಸಂಬಳವನ್ನು ಕೊಟ್ಟಿತು, ಎರಡನೆಯದು ಅದರಲ್ಲಿ ಕಾಲುಭಾಗವನ್ನು ತಿಂದಿತು. ಅಟ್ಟದ ಮೇಲೆ ಉಪ್ಪಿನಕಾಯಿಯ ಜಾಡಿಗಳಿರಬೇಕಾದ ಕಡೆ ಟೇಪಿನ ಸುರುಳಿಗಳೂ ಕ್ಯಾಸೆಟ್ಟುಗಳೂ ನೆಲೆಸಿವೆಯೆಂಬುದು ಅವರ ಮನೆಯಾಕೆಯ ಹಳೆಯ ದೂರು. ದೂರು ನ್ಯಾಯವಾದುದೇ. ಆದರೆ ನಾಡಿನ ಎಷ್ಟೋ ವಿದ್ವಾಂಸರ ಕಚೇರಿಗಳು ಇಂದು ಕೇಳಲು ಸಿಕ್ಕುತ್ತಿದ್ದರೆ ಅದು ಇಂತಹ ಅಟ್ಟಗಳಿಂದಲೇ ಎಂಬುದನ್ನೂ ಮರೆಯಲಾಗದು.

ಮಾರನೆಯ ದಿನ ಬೆಳಿಗ್ಗೆ ತರಕಾರಿ ಅಂಗಡಿಯ ಮುಂದೆ ಯಾರಾದರೂ ಅವರನ್ನು ಮಾತನಾಡಿಸುವುದುಂಟು.

"ರಾಯರೇ, ನಿನ್ನೆ ಕಲ್ಯಾಣಿ ಹೇಗಿತ್ತು?"

"ಮೈನಸ್ ಆರು ಮುಟ್ಟಿತ್ತು. ಪರವಾಗಿಲ್ಲ."

ಕೇಳಿದವರು ನಗುತ್ತಾರೆ. ರಾಯರು ನಗುವುದಿಲ್ಲ, ಅವರು ಹಾಸ್ಯ ಮಾಡಿರುವುದಿಲ್ಲ.

ಲೆವೆಲ್ ಇಡುವುದು ಎಂದು ಈ ಕಲೆಗೆ ಹೆಸರು. ಕಲೆಯೆಂದರೆ ದೊಡ್ಡ ಮಾತಾಯಿತೆಂದು ತೋರಬಹುದು. ಒಂದು ಗುಂಡಿಯನ್ನು ಬಲಕ್ಕೋ ಎಡಕ್ಕೋ ತಿರುಗಿಸುವುದಷ್ಟೇ ಅಲ್ಲವೇ? ಆದರೆ ಒಲೆಯ ಮೇಲೆ ಹಾಲಿಟ್ಟು ನಿಂತ ಗೃಹಿಣಿಯನ್ನು ಕೇಳಿ ನೋಡಬೇಕು. ಪಾತ್ರೆ ಚಿಕ್ಕದಾದರೆ ಹಾಲು ಉಕ್ಕಿ ಒಲೆಗೆ ಹೋಗುತ್ತದೆ. ಎರಡು ಲೋಟ ಹಾಲನ್ನು ಮದುವೆಮನೆಯ ಹಂಡೆಯಲ್ಲಿ ಕಾಯಿಸಿದರೆ ಅದು ತಳಕ್ಕೆ ಅಂಟಿ, ತೆಗೆಯಹೋದರೆ ಹಂಡೆಯ ಕಿಲುಬೂ ಜೊತೆಗೆ ಬರುತ್ತದೆ. ಟೇಪಿನ ಕಥೆಯೂ ಇದೇ. ಧ್ವನಿಯನ್ನು ಜೋರಾಗಿ ಬರೆಯಿಸಿದರೆ ಟೇಪಿನ ಕಾಂತಕಣಗಳಿಗೆ ಅಷ್ಟನ್ನು ಹಿಡಿಯುವ ಶಕ್ತಿಯಿಲ್ಲದೆ ಸ್ವರ ಒಡೆಯುತ್ತದೆ. ಹೆದರಿ ಮೆಲ್ಲಗೆ ಬರೆಯಿಸಿದರೆ, ಆಮೇಲೆ ಮನೆಯಲ್ಲಿ ಕೇಳುವಾಗ ಧ್ವನಿಯನ್ನು ಏರಿಸಬೇಕಾಗುತ್ತದೆ. ಏರಿಸಿದೊಡನೆ ಟೇಪಿಗೆ ಸಹಜವಾದ ಸೂ ಎಂಬ ಸದ್ದೂ ಏರಿ, ತಂಬೂರಿಯ ಬದಲು ಹಾವೊಂದು ಶ್ರುತಿ ಹಿಡಿದಂತಾಗುತ್ತದೆ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಈ ಹಾವಿಗೂ ಆ ಒಡಕಿಗೂ ನಡುವೆ ಇರುವ ಜಾಗ ಸುಮಾರು 50 ಡೆಸಿಬೆಲ್. ವೀಣೆಯ ಒಂದು ನಿಟ್ಟುಸಿರಿನಂತಹ ಗಮಕದಿಂದ ಹಿಡಿದು ತನಿ ಆವರ್ತನದ ಕೊನೆಯ ಮುಕ್ತಾಯದವರೆಗೆ ಇಡೀ ಕಚೇರಿ ಅಷ್ಟರೊಳಗೆ ಸಂಸಾರ ಮಾಡಬೇಕು.

ಪೂರ್ವಕಾಲದಲ್ಲಿ ಈ ಗುಂಡಿಯೂ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಅವಳ ಮುಂದೆ ಇದ್ದದ್ದು ಒಂದು ತುತ್ತೂರಿ. ವಿದ್ಯುತ್ತಿನ ಧ್ವನಿಮುದ್ರಣ ಬಂದದ್ದು 1925ರಲ್ಲಿ. ಅಲ್ಲಿಯವರೆಗೆ ಲೆವೆಲ್ ಇಡುವುದೆಂದರೆ ಗಾಯಕರನ್ನೇ ಹಿಡಿದು ತುತ್ತೂರಿಯ ಹತ್ತಿರಕ್ಕೆ ನೂಕುವುದು, ತಾರಸ್ಥಾಯಿಗೆ ಹೋದರೆ ಹಿಂದಕ್ಕೆ ಎಳೆಯುವುದು. ಇಂದಿನ ವಿದ್ವಾಂಸರ ಮೇಲೆ ಈ ವಿಧಾನವನ್ನು ಪ್ರಯೋಗಿಸುವ ಆಸೆ ರಾಯರಿಗೆ ಹಲವು ಸಲ ಬಂದಿರುವುದುಂಟು. ನಮ್ಮವರೇ ಆದ ಚೌಡಯ್ಯನವರು ಬೇರೊಂದು ದಾರಿಯನ್ನು ಹಿಡಿದರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸದೆಂದು ನಾಲ್ಕು ತಂತಿಗೆ ಮತ್ತೆ ಮೂರನ್ನು ಸೇರಿಸಿ, ವಾದ್ಯವನ್ನೇ ಏರಿಸಿಬಿಟ್ಟರು. ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಭವನವೊಂದು ಅವರ ಹೆಸರಿನಲ್ಲಿ 1980ರಿಂದ ನಿಂತಿದೆ. ಅದರೊಳಗೆ ಇಂದು ಒಂದು ತಂತಿಯ ಏಕನಾದವಾದರೂ ಮೈಕಿಲ್ಲದೆ ಮಾತನಾಡಲೊಲ್ಲದು.

ಇನ್ನು ಮುಳ್ಳಿನ ವಿಚಾರ. 1939ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿ ಹುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಬೆಲ್ ಪ್ರಯೋಗಾಲಯದವರೂ ಅಲ್ಲಿನ ಎರಡು ದೊಡ್ಡ ರೇಡಿಯೋ ಕಂಪನಿಗಳವರೂ ಕೂಡಿ, ಧ್ವನಿಯನ್ನು ಅಳೆಯುವ ಒಂದು ಮುಳ್ಳಿನ ಗಡಿಯಾರವನ್ನು ಒಪ್ಪಿಕೊಂಡರು. ಇದೇ ವಿ.ಯು. ಮೀಟರು. ಕೆನೆಬಣ್ಣದ ಮುಖ, ಕಪ್ಪು ಅಂಕೆಗಳು, ಸೊನ್ನೆಯಿಂದ ಆಚೆಗೆ ಕೆಂಪು ಗೆರೆ. ಇವೆರಡೂ ಒಂದನ್ನೊಂದು ಅರಿಯದೆ ಒಂದೇ ವರ್ಷ ಹುಟ್ಟಿದವು. ಮುಂದೆ ರಾಮನವಮಿಯ ಚಪ್ಪರಗಳಲ್ಲಿ ಸಂಧಿಸಿದವು. ಆದರೆ ಈ ಮುಳ್ಳಿನ ಸ್ವಭಾವವನ್ನು ಅರಿಯದವನು ಕೆಟ್ಟ. ಅದು ನಿಧಾನದ ಪ್ರಾಣಿ. ಒಂದು ಧ್ವನಿಯನ್ನು ಸರಿಯಾಗಿ ತೋರಿಸಲು ಅದಕ್ಕೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಕಾಲ ಬೇಕು. ಮಾತಿಗೆ, ಹಾಡಿಗೆ, ಇದು ಸಾಕು. ಆದರೆ ಮೃದಂಗದ ಒಂದು ಪೆಟ್ಟು ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವರೊಳಗೆ ಶಿಖರವನ್ನೇರಿ ಇಳಿದಿರುತ್ತದೆ. ಮುಳ್ಳು ಎದ್ದು ಪಂಚೆ ಸರಿಪಡಿಸಿಕೊಳ್ಳುವಷ್ಟರಲ್ಲಿ ಅತಿಥಿ ಬಂದು ಹೋಗಿಯಾಗಿರುತ್ತದೆ. ಹಾಗಾಗಿ ಮುಳ್ಳು ಸೊನ್ನೆಯನ್ನು ತೋರಿಸುತ್ತಿರುವಾಗ ನಿಜವಾದ ಪೆಟ್ಟು ಅದಕ್ಕಿಂತ ಹತ್ತು ಡೆಸಿಬೆಲ್ಲೋ ಇನ್ನೂ ಹೆಚ್ಚೋ ಮೇಲೆ ಇರಬಹುದು. ಆರು ಡೆಸಿಬೆಲ್ ಏರಿದರೆ ಅಲೆಯ ಎತ್ತರ ಇಮ್ಮಡಿಯಾಗುತ್ತದೆಂಬುದನ್ನು ನೆನೆದರೆ ಈ ಹತ್ತರ ಘನತೆ ತಿಳಿದೀತು.

ಕಚೇರಿಗೆ ಮುಂಚೆ ಪರೀಕ್ಷೆ ಮಾಡಿ ನೋಡಬಾರದೇ ಎಂದರೆ, ನೋಡುತ್ತಾರೆ. ಆ ಪರೀಕ್ಷೆಯಷ್ಟು ಸುಳ್ಳಾದುದು ಬೇರೊಂದಿಲ್ಲ. ಸಂಜೆ ಐದು ಗಂಟೆಗೆ ಬರಿಯ ಕುರ್ಚಿಗಳ ಎದುರಿಗೆ ಯಾವ ವಿದ್ವಾಂಸರೂ ಮನಸ್ಸಿಟ್ಟು ಹಾಡುವುದಿಲ್ಲ. "ಹಲೋ, ಹಲೋ, ಸಾಕೇನ್ರೀ?" ಎನ್ನುತ್ತಾರೆ, ಮೃದಂಗದವರು ಎರಡು ಬೆರಳಿನಲ್ಲಿ ಟಕಟಕ ಎನ್ನಿಸಿ ಕಾಫಿಗೆ ಎದ್ದು ಹೋಗುತ್ತಾರೆ. ಆರೂವರೆಗೆ ಸಭೆ ತುಂಬಿ, ಮೊದಲ ಸಾಲಿನಲ್ಲಿ ತಲೆದೂಗುವವರು ಕಂಡಾಗ, ಅದೇ ಕೈಗಳಿಗೆ ಬೇರೆಯ ಶಕ್ತಿ ಬರುತ್ತದೆ. ಆದುದರಿಂದ ಪರೀಕ್ಷೆಯಲ್ಲಿ ಬಂದುದರ ಮೇಲೆ ಇನ್ನೊಂದು ಆರನ್ನು ಕೂಡಿಸಿಟ್ಟುಕೊಳ್ಳಬೇಕು; ತವಿಲಾದರೆ ಹನ್ನೆರಡು, ಹಾಗೂ ದೇವರ ಮೇಲೆ ಭಾರ. ಚಪ್ಪಾಳೆಯ ಬಗೆಗೂ ಒಂದು ಮಾತು. ಹೊಸಬರು ಸಭೆಯ ಚಪ್ಪಾಳೆಗೆ ಬೆಚ್ಚಿ ಗುಂಡಿಯನ್ನು ಇಳಿಸಿ, ಮುಂದಿನ ಆಲಾಪನೆಗೆ ಏರಿಸಲು ಮರೆಯುತ್ತಾರೆ. ಎರಡರಲ್ಲಿ ಒಂದು ಒಡೆಯಲೇಬೇಕೆಂದಿದ್ದರೆ ಚಪ್ಪಾಳೆಯೇ ಒಡೆಯಲಿ. ಅದನ್ನು ಮತ್ತೊಮ್ಮೆ ಕೇಳಬೇಕೆಂದು ಯಾರೂ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದುದಿಲ್ಲ.

ಲೆವೆಲನ್ನು ತಾನೇ ನೋಡಿಕೊಳ್ಳುವ ಯಂತ್ರಗಳೂ ಬಂದವು. ಅದು ಅತಿವಿಧೇಯನಾದ ಆಳಿನ ಸೇವೆಯಂತೆ. ಮೃದಂಗದ ಪೆಟ್ಟು ಬಿದ್ದೊಡನೆ ಹೆದರಿ ಎಲ್ಲವನ್ನೂ ಕುಗ್ಗಿಸುತ್ತದೆ, ಗಾಯಕರ ಕಂಠವನ್ನೂ ಸೇರಿಸಿ. ಗಾಯಕರು ಉಸಿರು ತೆಗೆದುಕೊಳ್ಳಲು ನಿಂತರೆ ಮೌನವನ್ನು ಸಹಿಸದೆ ತಂಬೂರಿಯನ್ನು, ಬೀಸಣಿಗೆಯನ್ನು, ಹಿಂದಿನ ಸಾಲಿನ ಮಗುವಿನ ಅಳುವನ್ನು ಸಮಾನ ಗೌರವದಿಂದ ಎತ್ತಿ ಮುಂದಕ್ಕೆ ತರುತ್ತದೆ. ಅದರ ಬಗೆಗೆ ಇನ್ನು ಹೇಳುವುದೇನೂ ಇಲ್ಲ.

ಈಗ ಟೇಪಿನ ಕಾಲ ಕಳೆದಿದೆ. ಧ್ವನಿಯನ್ನು ಅಂಕೆಗಳಲ್ಲಿ ಬರೆದಿಡುವ ಯಂತ್ರಗಳು ಅಂಗೈಯಗಲವಾಗಿವೆ. ಇಲ್ಲಿ ಸೊನ್ನೆಯೆಂದರೆ ಸೊನ್ನೆಯೇ. ಅದರಾಚೆಗೆ ಕೆಂಪು ಗೆರೆಯಿಲ್ಲ, ಗೋಡೆಯಿದೆ. ಟೇಪಾದರೆ ಮಿತಿಮೀರಿದವನನ್ನು ಸ್ವಲ್ಪ ದೂರ ಕ್ಷಮಿಸುತ್ತಿತ್ತು, ಅಂಕೆಗಳಿಗೆ ಕ್ಷಮೆಯಿಲ್ಲ. ಅಲೆಯ ತಲೆಯನ್ನು ಬೆಟ್ಟದ ನೆತ್ತಿ ಕಡಿದು ಮೈದಾನ ಮಾಡಿದಂತೆ ಸಪಾಟಾಗಿ ಕತ್ತರಿಸುತ್ತವೆ. ಆದರೆ ಇದಕ್ಕೆ ಪ್ರತಿಯಾಗಿ ಒಂದು ಉಪಕಾರವೂ ಆಗಿದೆ. ಅಂಕೆಯ ಪ್ರತಿಯೊಂದು ಬಿಟ್ಟಿಗೆ ಸುಮಾರು ಆರು ಡೆಸಿಬೆಲ್ಲಿನಂತೆ 16 ಬಿಟ್ಟಿಗೆ 96, 24 ಬಿಟ್ಟಿಗೆ ಲೆಕ್ಕದ ಮಟ್ಟಿಗೆ 144 ಡೆಸಿಬೆಲ್ ಜಾಗ ದೊರೆಯುತ್ತದೆ. ಹಾವು ಬಹುದೂರ ಸರಿದಿದೆ. 24 ಬಿಟ್ಟಿನಲ್ಲಿ ಹಾಡು ಸಾಮಾನ್ಯವಾಗಿ ಮೈನಸ್ ಹದಿನೆಂಟರ ಆಸುಪಾಸಿನಲ್ಲಿದ್ದು, ಅತಿ ಜೋರಾದ ಪೆಟ್ಟು ಮೈನಸ್ ಆರನ್ನು ಮುಟ್ಟಿದರೆ ಸಾಕು, ಕಳೆದುಕೊಂಡದ್ದೇನೂ ಇಲ್ಲ. ಇಷ್ಟಾದರೂ ಗುಂಡಿಯನ್ನು ಸೊನ್ನೆಯ ಕೊರಳಿಗೆ ಒತ್ತಿ ಹಿಡಿಯುವವರು ಇದ್ದಾರೆ. ಟೇಪಿನ ಕಾಲದ ಹೆದರಿಕೆ ಬೆರಳುಗಳಿಂದ ಬೇಗ ಹೋಗುವುದಿಲ್ಲ.

ರಾಯರ ಸೋದರಳಿಯ ಕಂಪ್ಯೂಟರಿನ ಉದ್ಯೋಗದಲ್ಲಿರುವವನು. ಅವನು ಈಚೆಗೆ ಒಂದು ಹೊಸ ಯಂತ್ರವನ್ನು ಕೊಂಡು ತಂದ. 2019ರಿಂದೀಚೆಗೆ ಪ್ರಚಾರಕ್ಕೆ ಬಂದ, 32 ಬಿಟ್ ಫ್ಲೋಟ್ ಎಂಬ ಕ್ರಮದಲ್ಲಿ ಬರೆಯುವ ಯಂತ್ರ ಅದು.

"ಮಾವ, ಇದರಲ್ಲಿ ಲೆವೆಲ್ ಇಡೋ ಕೆಲಸವೇ ಇಲ್ಲ. ಎಷ್ಟು ಜೋರಾದರೂ ಒಡೆಯೋಲ್ಲ, ಎಷ್ಟು ಮೆಲ್ಲಗಾದರೂ ಆಮೇಲೆ ಏರಿಸಿಕೊಳ್ಳಬಹುದು. ನೀವು ಆರಾಮವಾಗಿ ಸಂಗೀತ ಕೇಳಿ" ಎಂದ.

ಎಪ್ಪತ್ತೈದು ದಾಟಿದ ರಾಯರು ಆ ಸಂಜೆ ಬರಿಗೈಯಲ್ಲಿ ಕಚೇರಿಗೆ ಹೋದರು. ಧ್ವನಿವರ್ಧಕದ ಮಿಕ್ಸರಿನಿಂದ ಒಂದು ತಂತಿಯನ್ನು ಎಳೆದು ಅಳಿಯನ ಯಂತ್ರಕ್ಕೆ ಜೋಡಿಸಲಾಗಿತ್ತು. ಎರಡನೆಯ ಕೃತಿಯ ವೇಳೆಗೆ ರಾಯರು ಕುರ್ಚಿಯಿಂದ ಎದ್ದು ಮಿಕ್ಸರಿನ ಹತ್ತಿರ ಬಂದು ನಿಂತಿದ್ದರು.

"ಆ ದೀಪ ನೋಡಿದೆಯೇನೋ?"

ಮೃದಂಗದ ಸಾಲಿನ ನೆತ್ತಿಯಲ್ಲಿ ಸಾಸುವೆಯಷ್ಟು ದೊಡ್ಡ ಕೆಂಪು ದೀಪವೊಂದು ಪ್ರತಿ ಪೆಟ್ಟಿಗೂ ಮಿನುಗುತ್ತಿತ್ತು. ಎಂದರೆ, ಮೈಕಿನಿಂದ ಬಂದ ಧ್ವನಿ ಮಿಕ್ಸರಿನ ಹೊಸ್ತಿಲಲ್ಲಿಯೇ ತಲೆ ಒಡೆದುಕೊಂಡು ಒಳಕ್ಕೆ ಬರುತ್ತಿತ್ತು. ಅಳಿಯನ ಯಂತ್ರವಾದರೋ ಆ ಒಡೆದ ತಲೆಯನ್ನು ಒಂದು ಕೂದಲೂ ಕೊಂಕದಂತೆ ಬರೆದುಕೊಳ್ಳುತ್ತಿತ್ತು.

ರಾಯರು ಧ್ವನಿವರ್ಧಕದ ಹುಡುಗನಿಗೆ ಮೆಲ್ಲಗೆ, "ಮೃದಂಗದ ಗೇನು ಸ್ವಲ್ಪ ಇಳಿಸಪ್ಪ" ಎಂದರು.

"ಇಳಿಸಿದ್ರೆ ಅವ್ರು ಕೈ ಎತ್ತುತ್ತಾರೆ ಸಾರ್. ಈಗಾಗ್ಲೇ ಎರಡು ಸಲ ಎತ್ತಿದ್ರು."

ವೇದಿಕೆಯ ಮೇಲಿನ ಈ ಕೈಸನ್ನೆಯನ್ನು ನೋಡದ ರಸಿಕರಿಲ್ಲ. ಹಾಡುವವರು ತಮ್ಮ ಮೈಕನ್ನು ತೋರಿಸಿ ಬೆರಳನ್ನು ಮೇಲಕ್ಕೆತ್ತುತ್ತಾರೆ. ಅದನ್ನು ಕಂಡ ಪಿಟೀಲಿನವರು ಕಮಾನಿನಿಂದಲೇ ಮೇಲಕ್ಕೆ ತೋರಿಸುತ್ತಾರೆ. ಮೃದಂಗದವರು ಎಡಗೈಯನ್ನು ಎತ್ತುತ್ತಾರೆ. ಇದುವರೆಗೆ ಯಾವ ವಿದ್ವಾಂಸರೂ ಬೆರಳನ್ನು ಕೆಳಕ್ಕೆ ಮಾಡಿ ತೋರಿಸಿದ್ದನ್ನು ರಾಯರು ಕಂಡಿಲ್ಲ.

"ಮೇಲಿನ ಗುಂಡಿ ಇಳಿಸು, ಕೆಳಗಿನ ಜಾರುಗುಂಡಿಯನ್ನು ಅಷ್ಟೇ ಏರಿಸು. ಅವರ ಮುಂದಿನ ಮಾನಿಟರಿಗೂ ಅಷ್ಟು ಏರಿಸಿಬಿಡು. ಅವರಿಗೆ ಗೊತ್ತೇ ಆಗೋದಿಲ್ಲ" ಎಂದರು ರಾಯರು. ಹುಡುಗ ಕೃತಿ ಮುಗಿಯುವವರೆಗೆ ಕಾದು ಹಾಗೆಯೇ ಮಾಡಿದ. ದೀಪ ಆರಿತು. ಯಾರೂ ಕೈಯೆತ್ತಲಿಲ್ಲ.

ಮನೆಗೆ ಮರಳುವಾಗ ಆಟೋದಲ್ಲಿ ಅಳಿಯ ಕೇಳಿದ: "ದೀಪ ಉರೀತಾ ಇದ್ದದ್ದು ಕಂಡ ಕೂಡಲೇ ಯಾಕೆ ಇಳಿಸಬಾರದಿತ್ತು ಮಾವ? ಹಾಡು ಮುಗಿಯೋವರೆಗೆ ಯಾಕೆ ಕಾದಿರಿ?"

"ಕೃತಿಯ ಮಧ್ಯೆ ಗುಂಡಿ ಮುಟ್ಟಬಾರದು ಕಣೋ. ಕೇಳುವವನಿಗೆ ವೇದಿಕೆಯನ್ನೇ ಯಾರೋ ಎತ್ತಿಕೊಂಡು ಹಿಂದಕ್ಕೆ ಹೋದಹಾಗೆ ಆಗುತ್ತೆ" ಎಂದು ರಾಯರು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಸಲ ಮುಟ್ಟಿದ್ದೆ" ಎಂದರು.

ಅದು 1984ರ ಮಾತು. ಒಂದು ಸಣ್ಣ ಊರಿನ ರಾಮೋತ್ಸವ. ಹಳೆಯ ಮೈಸೂರು ಸೀಮೆಯ ವೃದ್ಧ ವೈಣಿಕರೊಬ್ಬರ ಕಚೇರಿ; ರೇಡಿಯೋದವರೂ ಗ್ರಾಮಫೋನಿನವರೂ ಅವರನ್ನು ಹೆಚ್ಚಾಗಿ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಹಿಂದೆ ತಂಬೂರಿಗೆ ಮಗಳು. ರಾಯರು ಸಾಲ ಮಾಡಿ ಕೊಂಡ ಡೆಕ್ಕನ್ನೂ ಎರಡು ಮೈಕುಗಳನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದರು. ವರ್ಣ, ಮೂರು ಕೃತಿಗಳು, ಎಲ್ಲವೂ ಕೆಂಪು ಗೆರೆಯ ಈಚೆಗೆ ಕ್ಷೇಮವಾಗಿ ಸಾಗಿದವು. ಆಮೇಲೆ ಭೈರವಿಯ ಆಲಾಪನೆ. ಮೃದಂಗ ಮೌನವಾಯಿತು, ವೀಣೆಯೊಂದೇ ಉಳಿಯಿತು. ವೃದ್ಧರ ಬೆರಳಿನಲ್ಲಿ ಬಲವಿರಲಿಲ್ಲ. ಮೀಟಿದುದಕ್ಕಿಂತ ಎಳೆದುದೇ ಹೆಚ್ಚು. ಮುಳ್ಳು ತಳದಲ್ಲಿ ಮಲಗಿತು. ಇಷ್ಟು ಸೂಕ್ಷ್ಮವಾದುದು ಟೇಪಿನ ಸೂಕಾರದಲ್ಲಿ ಮುಳುಗಿಹೋಗುತ್ತದಲ್ಲಾ ಎಂದು ರಾಯರು ಗುಂಡಿಯನ್ನು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು, ಕೆಲವು ನಿಮಿಷಗಳ ಉದ್ದಕ್ಕೂ ಯಾರ ಕಿವಿಗೂ ತಿಳಿಯದಂತೆ ಏರಿಸುತ್ತ ಹೋದರು. ಪಲ್ಲವಿಗೆ ಮೃದಂಗ ಸೇರುವುದಕ್ಕೆ ಮುಂಚೆ ಹಾಗೆಯೇ ಕದ್ದು ಇಳಿಸಿದರಾಯಿತು, ತಾನದ ಉದ್ದಕ್ಕೂ ಸಮಯವಿದೆಯೆಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಆಲಾಪನೆ ಮುಗಿಯಿತು. ಒಂದು ಗಳಿಗೆ ಬಿಡುವು. ತಾನ ಆರಂಭವಾಯಿತು.

ಅಷ್ಟು ವರ್ಷಗಳಲ್ಲಿ ಅದೊಂದು ಸಲ ರಾಯರು ಸಂಗೀತವನ್ನು ಕೇಳಿದರು. ಬೇಕೆಂದು ಕೇಳಿದುದಲ್ಲ. ಎಪ್ಪತ್ತರ ಮೇಲಿನ ಆ ಬೆರಳುಗಳು ಎಲ್ಲಿಂದಲೋ ಶಕ್ತಿಯನ್ನು ತಂದುಕೊಂಡು ನಡೆಯತೊಡಗಿದವು. ರಾಯರ ಕಣ್ಣು ಮುಚ್ಚಿತು. ಎಷ್ಟು ಹೊತ್ತು ಮುಚ್ಚಿತ್ತೆಂದು ಅವರಿಗೆ ತಿಳಿಯದು. ಕಣ್ಣು ತೆರೆದಾಗ ಪಲ್ಲವಿ ನಡುಹರೆಯದಲ್ಲಿತ್ತು, ಮೃದಂಗ ಘಟಗಳು ಕೂಡಿದ್ದವು, ಮುಳ್ಳು ಕೆಂಪು ಗೆರೆಯನ್ನು ದಾಟಿ ಬಲಗಡೆಯ ಮೊಳೆಗೆ ಒರಗಿ ನಿಂತಿತ್ತು. ಗಾಬರಿಯಲ್ಲಿ ಗುಂಡಿಯನ್ನು ಒಮ್ಮೆಗೇ ಇಳಿಸಿದರು. ಇಳಿಸಿದುದು ಹೆಚ್ಚಾಯಿತೆಂದು ಏರಿಸಿದರು. ತನಿ ಆವರ್ತನವೂ ಮುಗಿಯಿತು.

ಅದೇ ಚಳಿಗಾಲದಲ್ಲಿ ವೈಣಿಕರು ತೀರಿಕೊಂಡರು. ಎರಡು ವರ್ಷಗಳ ಮೇಲೆ ಮಗಳು ವಿಳಾಸವನ್ನು ಹುಡುಕಿಕೊಂಡು ರಾಯರ ಮನೆಗೆ ಬಂದಳು. ಟೇಪು ಕೆಟ್ಟಿದೆಯಮ್ಮ, ಕೇಳಬೇಡಿ ಎಂದು ರಾಯರು ಎರಡು ಸಲ ಹೇಳಿದರು. ಆಕೆ ಕಾಫಿಯ ಲೋಟವನ್ನು ಹಿಡಿದು ಸುಮ್ಮನೆ ಕುಳಿತಿದ್ದಳು. ಕೊನೆಗೆ ಹಾಕಿದರು. ಆಲಾಪನೆ ಮುಗಿದು ತಾನಕ್ಕೆ ಮುಂಚಿನ ಆ ಬಿಡುವು ಬಂದಿತು. ಒಂದು ಕೆಮ್ಮು. ಆಮೇಲೆ ಸಭೆಗೆ ಕೇಳಿಸದಂತೆ, ಹಿಂದಕ್ಕೆ ತಿರುಗಿ ಆಡಿದ ಮೆಲುಮಾತು: "ಮಗೂ, ಬಿಸಿನೀರು ಇದೆಯೇನಮ್ಮಾ?" ಫ್ಲಾಸ್ಕಿನ ಮುಚ್ಚಳ ತಿರುಗಿದ ಸದ್ದು, ನೀರು ಸುರಿದ ಸದ್ದು, ನಡುವೆ ಒಂದು ಕ್ಷಣ ತಂಬೂರಿಯ ತಂತಿ ತಪ್ಪಿದುದು.

ಆಕೆ ಲೋಟವನ್ನು ಕೆಳಗಿಟ್ಟು, "ಅಲ್ಲಿಗೆ ಇನ್ನೊಂದು ಸಲ ಹಾಕ್ತೀರಾ?" ಎಂದಳು.

ಗುಂಡಿಯನ್ನು ಏರಿಸದೆ ಇದ್ದಿದ್ದರೆ ಆ ಮಾತು ಸೂಕಾರದ ಅಡಿಯಲ್ಲಿ ಹೂತುಹೋಗುತ್ತಿತ್ತೆಂಬುದು ರಾಯರಿಗೆ ಆಗಲೇ ಹೊಳೆದಿತ್ತು. ಅವರು ಹಾಗೆಂದು ಆಕೆಗೆ ಹೇಳಲಿಲ್ಲ. ಪಲ್ಲವಿಯನ್ನೂ ಆಕೆ ಪೂರ್ತಿ ಕೇಳಿದಳು. ಪ್ರತಿ ಪೆಟ್ಟಿಗೂ ಹಳೆಯ ಸೀರೆ ಹರಿದಂತೆ ಚರ್ ಎನ್ನುವ ಸದ್ದು, ಅದರ ಹಿಂದೆ ಎಲ್ಲಿಯೋ ವೀಣೆ. ಒಂದು ಪ್ರತಿಯನ್ನು ಮಾಡಿಸಿಕೊಂಡು ಹೋದಳು.

ಆಟೋ ಮನೆಯ ಮುಂದೆ ನಿಂತಾಗ ಅಳಿಯ, ಆ ಕ್ಯಾಸೆಟ್ ಇನ್ನೂ ಇದೆಯೇ ಎಂದು ಕೇಳಿದ. ಇತ್ತು. ಮುಂದಿನ ಭಾನುವಾರ ಅವನು ಅಟ್ಟದಿಂದ ಹಳೆಯ ಡೆಕ್ಕನ್ನು ಇಳಿಸಿ, ಧೂಳು ಕೊಡವಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕಂಪ್ಯೂಟರಿಗೆ ಜೋಡಿಸಿದ. ಹರಿದ ಸದ್ದನ್ನು ಸ್ವಲ್ಪಮಟ್ಟಿಗೆ ಹೊಲಿಯುವ ಉಪಾಯಗಳು ಈಗ ಉಂಟಂತೆ; ಆದಷ್ಟು ನೋಡುತ್ತೇನೆಂದ. ಕೆಮ್ಮನ್ನೂ ತೆಗೆದುಬಿಡಬಹುದು ಎಂದು ಹೇಳಹೊರಟವನು ಮಾವನ ಮುಖವನ್ನು ನೋಡಿ ಮಾತನ್ನು ಅಲ್ಲಿಗೇ ನುಂಗಿದ.

"ಲೆವೆಲ್ ಎಲ್ಲಿಗಿಡಲಿ ಮಾವ? ಪಲ್ಲವಿಗೋ, ಬಿಸಿನೀರಿಗೋ?"

"ಇವತ್ತು ಮುಂದೇನು ಬರುತ್ತೇಂತ ಗೊತ್ತಲ್ಲ" ಎಂದರು ರಾಯರು. "ಮೊದಲು ಪಲ್ಲವಿಗೆ ಹೋಗು. ಎಲ್ಲಕ್ಕಿಂತ ಜೋರಾದ ಪೆಟ್ಟು ಯಾವುದು ನೋಡಿಕೋ. ಅದು ಮೈನಸ್ ಆರಕ್ಕೆ ನಿಲ್ಲಲಿ. ಆಮೇಲೆ ಹಿಂದಕ್ಕೆ ಸುತ್ತಿ ಮೊದಲಿನಿಂದ ಬಿಡು, ಮುಟ್ಟಬೇಡ."

ಅಳಿಯ ಮುಂದಕ್ಕೆ ಸುತ್ತಿ ಆ ಪೆಟ್ಟನ್ನು ಹುಡುಕಿದ. ಎರಡು ಸಲ ಕೇಳಿ ಗುಂಡಿಯನ್ನು ನಿಲ್ಲಿಸಿದ. ಟೇಪು ಹಿಂದಕ್ಕೆ ಸುತ್ತಿಕೊಂಡು ಟಕ್ಕೆಂದು ನಿಂತಿತು. ರಾಯರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಪರದೆಗೆ ಬೆನ್ನಾಗಿ ತಿರುಗಿಸಿಕೊಂಡು ಕುಳಿತರು.